ಎಲ್ಲಿ ಸಾಹೇಬರ ಎರಡು ಡಬ್ಬಿ ಮಣ್ಣು

ನಮ್ಮ ಮನೆಯಲ್ಲಿ ಸಾಸಿವೆ ಹಾಕಿಡುವ ತಗಡಿನ ಡಬ್ಬಿಯೊಂದಿದೆ. ಒಂದು ಕಾಲಕ್ಕೆ ಅದರ ಮುಚ್ಚಳದ ಮೇಲೆ ಹಡಗಿನ ಚಿತ್ರವಿತ್ತು. ಈಗ ಹಡಗು ಮುಳುಗಿ ಬರೀ ಸಮುದ್ರ ಉಳಿದಿದೆ, ಅದೂ ಅಲ್ಲಲ್ಲಿ. ಪ್ರತಿ ವರ್ಷ ದಸರೆಗೆ ಮೊದಲು ಅಡಿಗೆಮನೆಯ ಸಾಮಾನೆಲ್ಲ ಅಂಗಳಕ್ಕೆ ಇಳಿದಾಗ ಈ ಡಬ್ಬಿಯ ಸಲುವಾಗಿ ನನಗೂ ಸೊಸೆಗೂ ಒಂದು ಸುತ್ತು ಮಾತಾಗುತ್ತದೆ. ತಳಕ್ಕೆ ತುಕ್ಕು ಹಿಡಿದಿದೆ, ಸಾಸಿವೆ ಸೋರುತ್ತದೆ, ಪುಕ್ಕಟೆ ಕೊಟ್ಟರೂ ಇದನ್ನು ಯಾರೂ ಒಯ್ಯುವುದಿಲ್ಲ ಎಂದು ಅವಳ ವಾದ. ನಾನು ಸುಮ್ಮನೆ ತಳಕ್ಕೊಂದು ಹಳೆಯ ಕಾಗದ ಹಾಸಿ, ಸಾಸಿವೆ ತುಂಬಿ, ಮತ್ತೆ ಅದೇ ಗೂಡಿನಲ್ಲಿ ಇಟ್ಟುಬಿಡುತ್ತೇನೆ. ಅವಳಿಗೆ ನಾನು ಹೇಳದ ಸಂಗತಿಯೆಂದರೆ, ಈ ಡಬ್ಬಿ ನಾಲ್ಕು ಸಲ ಸಮುದ್ರ ದಾಟಿದೆ. ನಮ್ಮ ವಂಶದಲ್ಲಿ ಮಲಪ್ರಭೆ ದಾಟಿದವರೇ ದೊಡ್ಡ ಪ್ರಯಾಣ ಮಾಡಿದವರು.

ಇಷ್ಟು ಬಾಯಿಬಿಟ್ಟ ಮೇಲೆ ಉಳಿದದ್ದನ್ನು ಮುಚ್ಚಿಟ್ಟು ಏನು ಮಾಡಲಿ? ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಕಳ್ಳತನ ಮಾಡಿದೆ. ಕದ್ದದ್ದು ಚಿನ್ನವಲ್ಲ, ಬೆಲ್ಲವೂ ಅಲ್ಲ, ಮಣ್ಣು. ಆ ಕಳ್ಳತನದಿಂದಾಗಿ ವಿಲಾಯತಿಯ ಒಂದು ಸಂಸಾರ ಎಲ್ಲಿಗೆ ಹೋಗಬೇಕು ಎಂಬುದೇ ತೀರ್ಮಾನವಾಗಿಬಿಟ್ಟಿತು.

ಬೈಲಹೊಂಗಲದ ನಮ್ಮ ಮನೆ ಹತ್ತಿ ವ್ಯಾಪಾರದ ಮನೆ. ಗೋಡೆ, ಹಾಸಿಗೆ, ತಲೆಗೂದಲು, ಸಾರು, ಎಲ್ಲದರಲ್ಲೂ ಒಂದೊಂದು ಎಳೆ ಹತ್ತಿ ಇದ್ದೇ ಇರುತ್ತಿತ್ತು. ಆ ವರ್ಷ ನಮ್ಮ ಮನೆಯ ಮಗ್ಗುಲಿಗೇ ಒಂದು ಹೊಸ ಜಿನ್ನು ಕಟ್ಟಿದರು, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರಖಾನೆ. ಅದರ ಉಗಿ ಎಂಜಿನನ್ನು ಕೂಡಿಸಿ, ಒಂದು ಹಂಗಾಮು ನಡೆಸಿ, ನಮ್ಮವರಿಗೆ ಕಲಿಸಿಕೊಟ್ಟು ಹೋಗಲೆಂದು ವಿಲಾಯತಿಯಿಂದ ಒಬ್ಬ ಫಿಟ್ಟರ್ ಸಾಹೇಬ ಬಂದ. ಸಂಕ್ರಾಂತಿಯ ಹೊತ್ತಿಗೆ ಬಂದವನು ಮಳೆ ಹಿಡಿಯುವವರೆಗೆ ಇರಬೇಕೆಂದು ಕರಾರು. ಅವನ ಹೆಸರು ಎಲ್ಲಿಸ್. ಹೆಸರಿನ ಕೊನೆಯ ಸಕಾರ ನಮ್ಮೂರಿನವರ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಮುಂದೆ ಬಂದ ಸಾಹೇಬನ ಸಕಾರದಲ್ಲಿ ಅದು ಕೂಡಿಕೊಂಡುಬಿಟ್ಟಿತು. ಹೀಗೆ ಅವನು ಎಲ್ಲಿ ಸಾಹೇಬನಾದ. ಎಲ್ಲಿ ಸಾಹೇಬರು ಎಲ್ಲಿ ಎಂದು ಒಬ್ಬ ಕೇಳುವುದು, ಎಲ್ಲಿ ಸಾಹೇಬರು ಅಲ್ಲಿ ಎಂದು ಇನ್ನೊಬ್ಬ ಹೇಳುವುದು, ಇಬ್ಬರೂ ನಗುವುದು, ಇದು ಊರಿಗೆ ಒಂದು ತಿಂಗಳು ಸಾಕಾಯಿತು.

ಆದರೆ ಹೆಸರು ಅವನಿಗೆ ಎಷ್ಟು ಒಪ್ಪಿತ್ತು ಎಂಬುದು ಆಮೇಲೆ ತಿಳಿಯಿತು. ಜಿನ್ನಿನಲ್ಲಿ ಅವನಿಗೆ ಕೊಟ್ಟ ಪತ್ರಾಸಿನ, ಅಂದರೆ ತಗಡಿನ ಕೋಣೆ ರೊಟ್ಟಿಯ ಕಾವಲಿಯಂತೆ ಕಾಯುತ್ತಿದ್ದುದರಿಂದ ಸಂಜೆಯಾದರೆ ಅವನು ನಮ್ಮ ಹೊರಗಿನ ಕಟ್ಟೆಗೆ ಬಂದು ಕೂಡುತ್ತಿದ್ದ. ಅವನಿಗೆಂದೇ ಒಂದು ಬೇರೆ ಗಾಜಿನ ಲೋಟ ಇಟ್ಟಿದ್ದೆವು, ಅದರಲ್ಲಿ ಮಜ್ಜಿಗೆ. ಲೋಟ ಯಾಕೆ ಬೇರೆ ಎಂದು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವನ ಮಗ್ಗುಲಿಗೆ ಜಿನ್ನಿನ ಕಾರಕೂನ ಶಾಮರಾಯರು ಕೂಡುತ್ತಿದ್ದರು. ಬೆಳಗಾವಿಯಲ್ಲಿ ಇಂಗ್ರೇಜಿ ಓದಿದವರು. ಸಾಹೇಬ ಹತ್ತು ಮಾತಾಡಿದರೆ ರಾಯರು ಅದನ್ನು ಎರಡು ಮಾಡಿ ನಮಗೆ ಹೇಳುವರು. ನನ್ನ ಅಪ್ಪ ಎರಡು ಮಾತಾಡಿದರೆ ಹತ್ತು ಮಾಡಿ ಅವನಿಗೆ ಮುಟ್ಟಿಸುವರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೊಸ್ತಿಲ ಒಳಗೆ ಕೂತು ಬತ್ತಿ ಹೊಸೆಯುತ್ತ ಎಲ್ಲ ಕೇಳುತ್ತಿದ್ದಳು. ಆಯಿಯ ಬೆನ್ನಿಗೆ ಆತುಕೊಂಡು ನಾನು.

ಹೀಗೆ ಒಂದು ಸಂಜೆ ರಾಯರು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. "ಸಾಹೇಬ್ರ ಆನಿಗೆ ಕೆಮ್ಮ ಐತಂತ್ರಿ. ಇನ್ನೊಂದ ಥಂಡಿಗಾಲ ಆ ಊರ ಹೊಗ್ಯಾಗ ಕಳದ್ರ ಉಳಿಯಂಗಿಲ್ಲ, ದೇಶಾ ಬಿಟ್ಟ ಹೋಗ್ರಿ ಅಂತ ಡಾಕ್ಟರ ಹೇಳ್ಯಾರಂತ."

ಆನಿ ಎಂಬುದು ಅವನ ಹೆಂಡತಿಯ ಹೆಸರು. ನೂಲಿನ ಗಿರಣಿಯಲ್ಲಿ ಹತ್ತು ವರ್ಷ ದುಡಿದು, ಹಾರುವ ಹತ್ತಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವಳು. ದೊಡ್ಡವರಿಗೆಲ್ಲ ಇದು ತಿಳಿಯಿತು. ನಮ್ಮ ಕಡೆಯ ಮಾತಿನಲ್ಲಿ ಆನಿ ಎಂದರೆ ಸೊಂಡಿಲಿನ ಆನೆಯೇ. ನನಗೆ ತಿಳಿದದ್ದು ಅಷ್ಟೇ. ಅಷ್ಟು ದೂರದಿಂದ ಎಂಜಿನು ತರುವ ಜನ ಒಂದು ಆನೆ ಸಾಕಲಾರರೇ ಎಂದುಕೊಂಡೆ. ಪಾಪ, ಕೆಮ್ಮುವ ಆನೆ. ಅದಕ್ಕಾಗಿ ಮನುಷ್ಯ ದೇಶವನ್ನೇ ಬಿಡಲು ನಿಂತಿದ್ದಾನಲ್ಲ ಎಂದು ನನಗೆ ಅವನ ಮೇಲೆ ಬಹಳ ಪ್ರೀತಿ ಬಂತು.

ಬಿಡುವುದೇನೋ ಖಾತ್ರಿ. ಎಲ್ಲಿಗೆ ಎಂಬುದೇ ತಿಳಿಯದು. ಅವನ ತಮ್ಮ ಕೆನಡಾ ಎಂಬಲ್ಲಿ ಹೊಲ ಮಾಡಿಕೊಂಡಿದ್ದ. ಪಕ್ಕದ ಭೂಮಿ ಖಾಲಿ ಇದೆ, ಹಿಮ ಬೀಳುವುದರೊಳಗೆ ಹೂಂ ಅಂದರೆ ನಿನಗೇ ಹಿಡಿದಿಡುತ್ತೇನೆ ಎಂದು ಬರೆದಿದ್ದ. ಅಕ್ಕ ಆಸ್ಟ್ರೇಲಿಯಾದಲ್ಲಿದ್ದಳು. ಕುರಿ ದೊಡ್ಡಿಯಲ್ಲಿ ಎಂಜಿನು ನೋಡುವವನು ಬೇಕಾಗಿದ್ದಾನೆ, ಒಣ ಹವೆ, ಬಾ ಎಂದು ಅವಳ ಕಾಗದ. ಹೀಗಾಗಿ ಎಲ್ಲಿ ಸಾಹೇಬ ನಮ್ಮ ಕಟ್ಟೆಯ ಮೇಲೆ ಕೂತು ದಿನಾ ಸಂಜೆ ಎರಡು ದೇಶಗಳನ್ನು ತೂಗುತ್ತಿದ್ದ, ಕೂತವರೆಲ್ಲ ಅವನ ಪರವಾಗಿ ತೂಗುತ್ತಿದ್ದರು. ನೇಸರಗಿಯಿಂದ ಹತ್ತಿ ಗಾಡಿ ಹೊಡೆದುಕೊಂಡು ಬಂದ ರೈತರು ಎತ್ತು ಬಿಚ್ಚಿದ ಕೂಡಲೇ ಕೇಳುತ್ತಿದ್ದುದು ಹತ್ತಿಯ ಧಾರಣಿಯನ್ನಲ್ಲ, ಸಾಹೇಬರದು ಎಲ್ಲಿಗೆ ಬಂತು ಎಂದು.

ಆಯಿ ಮೊದಲಿನಿಂದಲೂ ಕೆನಡಾದ ಕಡೆಗೆ ಇದ್ದಳು. ಅದಕ್ಕೆ ಕಾರಣ ಕೇಳಿದರೆ ನಗುತ್ತೀರಿ. ನಮ್ಮ ಭಾಗದ ಮರಾಠಿ ಜನ ಕನ್ನಡಕ್ಕೆ ಕಾನಡಿ ಎನ್ನುತ್ತಾರೆ. ರಾಯರು ಕ್ಯಾನಡಾ ಎಂದದ್ದು ಆಯಿಯ ಕಿವಿಗೆ ಕಾನಡಿ ಎಂದು ಬಿತ್ತು. ಕಾನಡಿ ಸೀಮೆ ಎಂದ ಮೇಲೆ ಮಾತಿನ ತ್ರಾಸಿಲ್ಲ, ನೆರೆಮನೆಯವರ ಕೂಡ ಕಷ್ಟಸುಖ ಹೇಳಿಕೊಳ್ಳಬಹುದು, ಹೆಣ್ಣುಮಕ್ಕಳಿಗೆ ಅದೇ ಮುಖ್ಯ ಎಂದು ಅವಳ ಲೆಕ್ಕ. ರಾಯರು ಎಷ್ಟು ಸಲ ತಿಳಿಸಿ ಹೇಳಿದರೂ ಆಯಿ ಅದನ್ನು ಪೂರ್ತಿ ಬಿಟ್ಟುಕೊಡಲಿಲ್ಲ.

ನಾನೂ ನನ್ನ ಲೆಕ್ಕದಲ್ಲಿ ಇದ್ದೆ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅಪ್ಪನ ವಖಾರಿಯ ಅರಳೆಯ ರಾಶಿಯ ಮೇಲೆ ಹೋಗಿ ಬೀಳುತ್ತಿದ್ದೆ. ಕೆನಡಾದಲ್ಲಿ ಹಿಮ ಎಂಬುದು ಅರಳೆಯ ಹಾಗೆಯೇ ಬೀಳುತ್ತದೆ ಎಂದು ರಾಯರು ಹೇಳಿದ್ದರು. ಮೇಲಿನ ಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿದು, ಅದರಲ್ಲಿ ಎಳೆಗಳು ಹಾರುತ್ತಿದ್ದವು. ಕಣ್ಣು ಅರ್ಧ ಮುಚ್ಚಿದರೆ ಸಾಕು, ಆನೆ ಬರುತ್ತಿತ್ತು. ಕೊರಳಿಗೆ ಉಣ್ಣೆಯ ಅರಿವೆ ಸುತ್ತಿಕೊಂಡು, ಬಿಳಿಯ ಹೊಲದಲ್ಲಿ ಮೊಣಕಾಲುವರೆಗೆ ಹೂತ ಕಾಲನ್ನು ಎತ್ತಿ ಎತ್ತಿ ಇಡುತ್ತ, ಸೊಂಡಿಲನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಕೆಮ್ಮುತ್ತಿತ್ತು. ಒಮ್ಮೊಮ್ಮೆ ಹಡಗಿನಲ್ಲಿ ಒಂದೇ ನಿಂತಿರುತ್ತಿತ್ತು. ಅದರ ಕಣ್ಣು ನನ್ನನ್ನೇ ನೋಡುತ್ತಿತ್ತು. ಇಷ್ಟು ವರ್ಷ ಏನೇನೋ ನೋಡಿದ್ದೇನೆ, ಆ ಆನೆಯಷ್ಟು ಸ್ಪಷ್ಟವಾಗಿ ಯಾವುದನ್ನೂ ನೋಡಲಿಲ್ಲ.

ಬಿಸಿಲು ಏರಿದ ಮೇಲೆ ಒಂದು ವಾರದ ಅಂತರದಲ್ಲಿ ಎರಡು ಡಬ್ಬಿ ಟಪಾಲಿನಲ್ಲಿ ಬಂದವು. ಸಾಹೇಬ ಹಡಗು ಹತ್ತುವಾಗಲೇ ಇಬ್ಬರಿಗೂ ಬರೆದಿದ್ದನಂತೆ, ನಿಮ್ಮ ನಿಮ್ಮ ಮಣ್ಣು ಕಳಿಸಿ, ನೋಡುತ್ತೇನೆ ಎಂದು. ಹಡಗಿನ ಚಿತ್ರದ್ದು ತಮ್ಮನದು, ಕೆನಡಾ. ಹೂವಿನ ಚಿತ್ರದ್ದು ಅಕ್ಕನದು. ಅವನ್ನು ತೆರೆದ ಸಂಜೆ ನಮ್ಮ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಅಕ್ಕನ ಮಣ್ಣು ಕೆಂಪು, ಕಿತ್ತೂರಿನ ಆಚೆಯ ದಾರಿಯ ಮಣ್ಣಿನಷ್ಟೇ ಕೆಂಪು. ತಮ್ಮನದು ಕಪ್ಪು. ನಮ್ಮ ಎರೆಮಣ್ಣೇ ಬಂದಿತೇ ಎನ್ನುವ ಹಾಗೆ ಕಪ್ಪು. ಆದರೆ ಅದರ ತುಂಬ ಕೂದಲೆಳೆಯಷ್ಟು ಸಣ್ಣ, ಹಳದಿ ಬಣ್ಣದ ಹುಲ್ಲಿನ ಬೇರುಗಳಿದ್ದವು. ಎಂದೂ ನೇಗಿಲು ಕಾಣದ ನೆಲದ ಗುರುತು ಅದು ಎಂದು ನೇಸರಗಿಯ ರೈತನೊಬ್ಬ ಹೇಳಿದ.

ಅಪ್ಪ ವ್ಯಾಪಾರಸ್ಥ. ಅವನಿಗೆ ಯಾವುದನ್ನೂ ತೂಗದೆ ನಂಬಿಕೆಯಿಲ್ಲ. ಒಳಗಿನಿಂದ ಸಣ್ಣ ತಕ್ಕಡಿ ತರಿಸಿ, ಒಂದೊಂದು ಬಟ್ಟಲು ಮಣ್ಣನ್ನು ಎರಡೂ ಪರಡಿಗೆ ಸುರುವಿದ. ಆಸ್ಟ್ರೇಲಿಯಾ ಕೆಳಗಿಳಿಯಿತು. ಭಾರದ ಮಣ್ಣೇ ಮಣ್ಣು ಎಂದು ಅಪ್ಪ, ಹಗುರ ಮಣ್ಣಿನಲ್ಲೇ ಬೇರು ಇಳಿಯುವುದು ಎಂದು ರೈತರು. ಮಾತು ಏರಿತು. ಸಾಹೇಬ ಎರಡೂ ಕಡೆಯವರ ಮುಖ ನೋಡುತ್ತಿದ್ದ, ಪಾಪ, ವಕೀಲರ ನಡುವೆ ಸಿಕ್ಕ ಕಕ್ಷಿದಾರನ ಹಾಗೆ. ಆಗ ಹೊಸ್ತಿಲ ಒಳಗಿನಿಂದ ಆಯಿ ಮಾತಾಡಿದಳು. "ಮಣ್ಣ ಬಂತು ಖರೆ. ನೀರ ಎಲ್ಲಿ ಬಂತು? ಸಿಹಿ ಐತೋ ಸವಳ ಐತೋ ಯಾರರೆ ಕೇಳೀರೇನು?" ಯಾರೂ ಕೇಳಿರಲಿಲ್ಲ. ಮಣ್ಣನ್ನಾದರೂ ಒಣಾ ನೋಡಿದರೆ ಏನೂ ತಿಳಿಯದು, ನೀರು ಹಾಕಿ, ವಾಸನೆ ನೋಡಿ, ನಾಕು ದಿನ ಇಟ್ಟು ನೋಡಬೇಕು ಎಂದೂ ಅವಳು ರಾಯರ ಮೂಲಕ ಹೇಳಿಸಿದಳು. ಸಾಹೇಬ ತಲೆಯಾಡಿಸಿದ. ಎರಡೂ ಡಬ್ಬಿ ನಮ್ಮ ಪಡಸಾಲೆಯ ಗೂಡು ಸೇರಿದವು, ನೀರು ಹಾಕುವುದು ಮಾತ್ರ ಹಾಗೇ ಉಳಿಯಿತು.

ಮಾವಿನಹಣ್ಣಿನ ದಿನಗಳು ಬಂದರೂ ತೂಕ ಮುಗಿಯಲಿಲ್ಲ. ಹೀಗೆ ಒಂದು ಸಂಜೆ ಅಪ್ಪ ಆಸ್ಟ್ರೇಲಿಯಾವನ್ನು ಗೆಲ್ಲಿಸುತ್ತಿದ್ದಾಗ ನನಗೆ ಆನೆಯ ಚಿಂತೆ ಹತ್ತಿತು. ಹಿಂದಿನ ವರ್ಷ ರಾಮದುರ್ಗದಲ್ಲಿ ಚಿಗವ್ವನ ಮನೆಗೆ ಹೋದಾಗ ಮಲಪ್ರಭೆಯ ದಂಡೆಯಲ್ಲಿ ಮಠದ ಆನೆಯೊಂದನ್ನು ನೋಡಿದ್ದೆ. ಅದು ನೀರಿಗೆ ಕಾಲಿಡಲು ಒಲ್ಲೆ ಎಂದು ನಿಂತುಬಿಟ್ಟಿತ್ತು. ಜನ ಕೂಗಿದರು, ಹಗ್ಗ ಎಳೆದರು, ಅದು ಅಲುಗಲಿಲ್ಲ. ಕೊನೆಗೆ ಮಾವುತ ಎಲ್ಲರನ್ನೂ ಸುಮ್ಮನಿರಿಸಿ ಅದರ ಕಿವಿಯ ಹತ್ತಿರ ಹೋಗಿ ಏನೋ ಕೇಳಿದ, ಕೇಳಿ ಕಾದ. ಬಹಳ ಹೊತ್ತಿನ ಮೇಲೆ ಅದು ತಾನಾಗಿ ಇಳಿಯಿತು. ನಾನು ಆಯಿಯ ಸೆರಗು ಜಗ್ಗಿ ಕೇಳಿದೆ: "ಆಯಿ, ಇಷ್ಟ ಮಂದಿ ಮಾತಾಡತಾರ. ಆನೀನ ಕೇಳ್ಯಾರೇನು? ಕಿವ್ಯಾಗ ಕೇಳಿದ್ರ ತಾನ ಹೇಳತೈತಿ."

ನನ್ನ ದನಿ ಎಂದಿನಂತೆ ದೊಡ್ಡದೇ ಇತ್ತು. ರಾಯರು ಅದನ್ನು ಸಾಹೇಬನಿಗೆ ಹೇಳಿದರೋ ಇಲ್ಲವೋ, ಅಪ್ಪ ಮಾತ್ರ, ಆನಿ ಅಂದರೆ ಅವರ ಹೆಂಡತಿ, ನೀನು ಯಾವ ಆನಿ ಅಂದುಕೊಂಡಿದ್ದೀ ಎಂದು ಕೇಳಿದ. ನಾನು ಸೊಂಡಿಲು ಎಂದೆ. ಕಟ್ಟೆ ಬಿದ್ದು ಬಿದ್ದು ನಕ್ಕಿತು. ನೇಸರಗಿಯವನೊಬ್ಬನಿಗೆ ಮಜ್ಜಿಗೆ ನೆತ್ತಿಗೇರಿತು. ನನ್ನ ಆನೆ ಅಲ್ಲಿಯೇ ಸತ್ತಿತು. ಆ ದುಃಖ ಯಾರಿಗೂ ತಿಳಿಯಲಿಲ್ಲ.

ಆಯಿ ಮಾತ್ರ ನಗಲಿಲ್ಲ. ಬತ್ತಿ ಹೊಸೆಯುವ ಕೈ ನಿಂತಿತ್ತು. "ಹೋಗಾಕಿ ಆಕಿ, ನೀರ ಸೇದಾಕಿ ಆಕಿ, ಕೆಮ್ಮಾಕೀನೂ ಆಕಿ. ರಾಯರ, ಆಕೀನ ಒಂದ ಮಾತ ಕೇಳ್ಯಾರೇನು ಅಂತ ಸಾಹೇಬ್ರನ ಕೇಳ್ರಿ." ರಾಯರು ಕೇಳಿದರು. ಸಾಹೇಬ ಇಲ್ಲ ಎಂದು ತಲೆಯಾಡಿಸಿ, ಗಾಜಿನ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದು ಹೋದ. ಮರುದಿನದ ಟಪಾಲಿಗೆ ಅವನ ಕಾಗದ ಹೋಯಿತು.

ಆಯಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಅವಳ ತವರು ದೇಗಾಂವ. ಮದುವೆಯಾದದ್ದು ಗೊಂಬೆಯಾಟದ ವಯಸ್ಸಿನಲ್ಲಿ. ಹನ್ನೊಂದು ತುಂಬಿದಾಗ ಒಂದು ದಿನ, ಸವದತ್ತಿಗೆ ಎಲ್ಲವ್ವನ ಗುಡ್ಡಕ್ಕೆ ಹೋಗೋಣ ಎಂದು ಹೊಸ ಸೀರೆ ಉಡಿಸಿ ಗಾಡಿ ಹತ್ತಿಸಿದರಂತೆ. ಅವಳಿಗೆ ಗುಡ್ಡ ನೋಡುವ ಸಡಗರ. ಕಿತ್ತೂರು ದಾಟಿ, ಬೈಲಹೊಂಗಲ ಮುಟ್ಟಿ, ಗಾಡಿ ಈ ಮನೆಯ ಮುಂದೆ ನಿಂತಿತು. ಇಳಿ ಅಂದರು, ಇಳಿದಳು. ಅತ್ತೆಮನೆ ಎಂದು ಒಳಗೆ ಕಾಲಿಟ್ಟ ಮೇಲೆ ತಿಳಿಯಿತು. ನನ್ನ ಗಾಡಿ ಇನ್ನೂ ಸವದತ್ತಿ ಮುಟ್ಟಿಲ್ಲ ಎಂದು ಆಯಿ ಯಾವಾಗಲೂ ನಗೆಚಾಟಿಕೆಯಾಗಿ ಹೇಳುತ್ತಿದ್ದಳು. ಮೊದಲು ಅತ್ತೆ ಬಿಡಲಿಲ್ಲ, ಆಮೇಲೆ ಮಕ್ಕಳು, ಆಮೇಲೆ ದನಕರು, ಹತ್ತಿ. ಒಂದು ದಿನದ ದಾರಿಯ ಊರನ್ನು ಅವಳು ನೋಡಿರಲಿಲ್ಲ. ನಾವೆಲ್ಲ ಅದನ್ನು ನಗೆಚಾಟಿಕೆ ಎಂದೇ ತಿಳಿದು ನಗುತ್ತಿದ್ದೆವು.

ಈಗ ಕಳ್ಳತನಕ್ಕೆ ಬರುತ್ತೇನೆ. ಎಷ್ಟು ಸುತ್ತಿ ಬಂದರೂ ಅದನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ.

ಸಾಹೇಬನ ಕಾಗದಕ್ಕೆ ಉತ್ತರ ಬರುವುದರೊಳಗೆ ಮಳೆ ಹಿಡಿಯಿತು, ಮಣ್ಣೆತ್ತಿನ ಅಮಾವಾಸ್ಯೆ ಬಂತು. ಆ ದಿನ ಹೊಲದ ಎರೆಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ಪೂಜಿಸುತ್ತೇವೆ, ಆಮೇಲೆ ನೀರಿಗೆ ಬಿಡುತ್ತೇವೆ. ಹೊಲಕ್ಕೆ ಹೋಗಿ ಮಣ್ಣು ತರುವುದು ನನ್ನ ಪಾಲಿನ ಕೆಲಸ. ನಾಕು ದಿನದ ಮಳೆಗೆ ದಾರಿಯೆಲ್ಲ ರಾಡಿ. ಎರೆಯ ರಾಡಿ ಗೊತ್ತಲ್ಲ, ಹೆಜ್ಜೆಗೊಂದು ಸೇರು ಕಾಲಿಗೆ ಅಂಟಿಕೊಳ್ಳುತ್ತದೆ. ಬಾಗಿಲಲ್ಲಿ ನಿಂತು ಹೊರಗೆ ನೋಡಿದೆ, ಒಳಗೆ ನೋಡಿದೆ. ಗೂಡಿನಲ್ಲಿ ಹಡಗಿನ ಡಬ್ಬಿ ಇತ್ತು. ಅದರೊಳಗೆ ಕಲ್ಲಿಲ್ಲದ, ಕಸವಿಲ್ಲದ, ಕೈಯಿಂದ ಜರಡಿ ಹಿಡಿದಂಥ ಕಪ್ಪು ಮಣ್ಣು. ಒಂದು ಹಿಡಿ ತೆಗೆದುಕೊಂಡರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ನೀರು ಬೆರೆಸಿದಾಗ ಅದು ಎಷ್ಟು ಮೆತ್ತಗಾಯಿತೆಂದರೆ ಕೈ ತಾನೇ ಎತ್ತು ಮಾಡತೊಡಗಿತು. ಒಂದು ಹಿಡಿಗೆ ತಲೆಯಾಯಿತು, ಇನ್ನೊಂದಕ್ಕೆ ಡುಬ್ಬ. ಒಂದೇ ಎತ್ತು ಆದರೆ ಹೇಗೆ, ಜೋಡಿ ಬೇಕಲ್ಲ. ಜೋಡಿಯಾಗುವ ಹೊತ್ತಿಗೆ ಡಬ್ಬಿಯ ತಳ ಹೊಳೆಯಿತು.

ಎತ್ತು ಬಹಳ ಚಂದ ಆಗಿದ್ದವು. ಇಡೀ ಓಣಿಯಲ್ಲಿ ಅಂಥ ಎತ್ತು ಇರಲಿಲ್ಲ. ಆಯಿ ಕುಸುಬೆಯ ಕಾಳು ಕಣ್ಣಿಗೆ ಹಚ್ಚಿ, ಹೋಳಿಗೆ ಎಡೆ ಹಿಡಿದಳು. ಸಂಜೆಗೆ ಸಾಹೇಬ ಬಂದಾಗ ಮೊಮ್ಮಗಳ ಕೈಚಳಕ ನೋಡಲಿ ಎಂದು ಎತ್ತುಗಳನ್ನು ಹೊರಗೆ ತರಿಸಿದಳು. ಅವನು ಬಗ್ಗಿ ನೋಡಿದ. ಒಂದು ಎತ್ತಿನ ಡುಬ್ಬದಿಂದ ಸಣ್ಣ ಹಳದಿ ಬೇರೊಂದು ಹೊರಗೆ ಚಾಚಿತ್ತು. ಅವನು ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ಎಳೆದು, ಬೆಳಕಿಗೆ ಹಿಡಿದು, ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಐದು ತಿಂಗಳಿಂದ ಕಲಿತ ನಾಕು ಕನ್ನಡ ಶಬ್ದಗಳಲ್ಲಿ ಎರಡನ್ನು ಖರ್ಚು ಮಾಡಿ, "ಛಲೋ ಅದಾವ" ಎಂದ. ಅವನಿಗೆ ಏನೂ ತಿಳಿಯಲಿಲ್ಲ ಎಂದು ನಾನು ದೇವರಿಗೆ ಕೈಮುಗಿದೆ.

ಮರುದಿನ ಕೆನಡಾ ನಮ್ಮ ಹಿತ್ತಲ ಬಾವಿ ಸೇರಿತು. ನಾನು ಬರಿದಾದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಕೊಟ್ಟಿಗೆಯ ಎತ್ತುಗಳಿಗೆ ಹತ್ತಿಕಾಳು ಹಾಕುವ ಗೋದಲಿಯ ಬದಿಯ ಮಣ್ಣನ್ನು ಕೆದರಿ ತುಂಬಿದೆ. ಕಪ್ಪಿಗೆ ಕಪ್ಪು. ಮುಚ್ಚಳ ಒತ್ತಿ ಗೂಡಿನಲ್ಲಿಟ್ಟೆ.

ಎರಡು ದಿನದ ಮೇಲೆ ಆನಿಯ ಕಾಗದ ಬಂತು. ರಾಯರು ಅದನ್ನು ಕಟ್ಟೆಯ ಮೇಲೆ ನಿಧಾನವಾಗಿ ಹೇಳಿದರು. ಈ ವಿಷಯದಲ್ಲಿ ತನ್ನನ್ನು ಕೇಳಿದ್ದು ಇದೇ ಮೊದಲು, ಹೀಗಾಗಿ ಕಾಗದವನ್ನು ಮೂರು ಸಲ ಓದಿದೆ ಎಂದಿದ್ದಳು. ಎರಡೂ ಡಬ್ಬಿ ತೆಗೆದುಕೊಂಡು ಬಾ, ಆ ಮುದುಕಿ ಹೇಳಿದ ಹಾಗೆ ನೀರು ಹಾಕಿ ನಾಕು ದಿನ ಇಟ್ಟು ನಾನೇ ನೋಡುತ್ತೇನೆ, ಅಲ್ಲಿಯವರೆಗೆ ಇಬ್ಬರಿಗೂ ಮಾತು ಕೊಡಬೇಡ ಎಂದಿದ್ದಳು. ಆಯಿಗೆ ಆದ ಸಂತೋಷ ಹೇಳತೀರದು. ನಾನು ಗೂಡಿನ ಕಡೆ ನೋಡದೆ ಹಿತ್ತಲಿಗೆ ಓಡಿದೆ.

ಸಾಹೇಬ ಹೊರಡುವ ದಿನ ಡಬ್ಬಿ ತಂದುಕೊಡಲು ನನ್ನನ್ನೇ ಕಳಿಸಿದರು. ಆಗಲಾದರೂ ಹೇಳಬಹುದಿತ್ತು. ಅಪ್ಪ ಹೊಡೆಯುತ್ತಾನೆ ಎಂಬ ಹೆದರಿಕೆ ಇರಲಿಲ್ಲ, ಅವನು ಹೊಡೆಯುವವನಲ್ಲ. ಎಲ್ಲರೂ ಮತ್ತೆ ಆನೆಯ ದಿನದ ಹಾಗೆ ನಗುತ್ತಾರೆ ಎಂದು ಹೆದರಿದೆ. ಒಬ್ಬ ಹೆಂಗಸಿನ ಎದೆಗೂಡಿಗಿಂತ ನನ್ನ ಮಾನ ನನಗೆ ದೊಡ್ಡದಾಗಿತ್ತು. ಸಾಹೇಬ ಹಡಗಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದ, ನನ್ನನ್ನು ನೋಡಿದ, ಮುಚ್ಚಿದ. ಗಾಡಿ ಹತ್ತಿ ಕೂತು ಎಲ್ಲರಿಗೂ ಕೈಮುಗಿದು, "ಬರತೇನ್ರಿ" ಎಂದ. ಮತ್ತೆಂದೂ ಬಾರದವನು ಹಾಗೆಂದದ್ದು ಕೇಳಿ ಆಯಿ ಕಣ್ಣೊರೆಸಿಕೊಂಡಳು.

ದೀಪಾವಳಿ ಕಳೆದ ಮೇಲೆ ರಾಯರಿಗೆ ಅವನ ಕಾಗದ ಬಂತು. ಆನಿ ಎರಡೂ ಡಬ್ಬಿಗೆ ನೀರು ಹಾಕಿ ಒಲೆಯ ಪಕ್ಕದ ಕಿಟಕಿಯಲ್ಲಿಟ್ಟಳಂತೆ. ಕೆಂಪು ಮಣ್ಣು ಸುಮ್ಮನಿತ್ತು. ಕಪ್ಪಿನೊಳಗಿಂದ ಎಂಟನೆಯ ದಿನಕ್ಕೆ ಎರಡು ದಪ್ಪ ಹಸಿರು ಎಲೆ ಮಣ್ಣನ್ನು ಎತ್ತಿಕೊಂಡು ಮೇಲೆ ಬಂದವು. ಅದು ಯಾವ ಗಿಡವೆಂದು ಅವರ ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಆನಿ ಅದರ ಮುಂದೆ ಬಹಳ ಹೊತ್ತು ಕೂತಿದ್ದು, ಇಲ್ಲಿಗೆ ಹೋಗೋಣ ಎಂದಳು. ಥಂಡಿ ಹಿಡಿಯುವ ಮೊದಲಿನ ಹಡಗಿಗೆ ಕೆನಡಾ.

ನನಗೆ ಮಾತ್ರ ತಿಳಿಯಿತು ಅದು ಯಾವ ಗಿಡವೆಂದು. ಗೋದಲಿಯಿಂದ ಉದುರಿದ ಹತ್ತಿಕಾಳು. ಹತ್ತು ವರ್ಷ ಅರಳೆಯ ಧೂಳು ಕುಡಿದ ಆ ಹೆಂಗಸು ಹತ್ತಿಯ ಗಿಡವನ್ನು ಕಣ್ಣಿನಿಂದ ಕಂಡಿರಲಿಲ್ಲ. ಕಂಡ ಮೊದಲ ಸಲ ಅದನ್ನೇ ನಂಬಿ ಸಮುದ್ರ ದಾಟಲು ಹೊರಟಿದ್ದಳು, ಅದೂ ಬೈಲಹೊಂಗಲದ ಮಣ್ಣು ನೋಡಿ. ಅಲ್ಲಿಯ ಥಂಡಿ ಅವಳಿಗೆ ಆಗದಿದ್ದರೆ? ಆ ದಿನ ನಾನು ಉಣ್ಣಲಿಲ್ಲ. ಹಿತ್ತಲಿಗೆ ಹೋಗಿ ಆಯಿಯ ಮಡಿಲಲ್ಲಿ ಮುಖವಿಟ್ಟು ಎತ್ತಿನಿಂದ ಹಿಡಿದು ಗೋದಲಿಯವರೆಗೆ ಎಲ್ಲ ಹೇಳಿದೆ.

ಆಯಿಗೆ ಸಿಟ್ಟು ಬಂದಿತ್ತು, ಅವಳ ಮೊಣಕಾಲು ಬಿಗಿಯಾದದ್ದು ನನ್ನ ಕೆನ್ನೆಗೆ ತಿಳಿಯುತ್ತಿತ್ತು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ತಪ್ಪ ಮಾಡೀದಿ. ಆಕಿ ಉಳೀಲಿ ಅಂತ ದಿನಾ ಕೈ ಮುಗೀ. ಹೆಂಗರೆ ಆಗ್ಲಿ, ಕೇಳಿದ್ರಲ್ಲ ಆಕೀನ" ಎಂದಳು. ನಾನು ದಿನಾ ಕೈಮುಗಿದೆ. ದೇವರ ಮುಂದೆ ನಿಂತಾಗ ಒಮ್ಮೊಮ್ಮೆ ಆನೆಯೇ ಕಣ್ಣಿಗೆ ಬರುತ್ತಿತ್ತು, ಅದಕ್ಕೂ ಸೇರಿಸಿ ಮುಗಿದೆ.

ಎರಡು ವರ್ಷ ಯಾವ ಸುದ್ದಿಯೂ ಇರಲಿಲ್ಲ. ಮೂರನೆಯ ವರ್ಷ ಟಪಾಲಿನಲ್ಲಿ ಒಂದು ಗಂಟು ಬಂತು. ಬಿಚ್ಚಿದರೆ ಅದೇ ಹಡಗಿನ ಡಬ್ಬಿ, ತುಂಬ ಕಪ್ಪು ಮಣ್ಣು, ಮಣ್ಣಿನ ತುಂಬ ಸಣ್ಣ ಹಳದಿ ಬೇರು. ಮೇಲೊಂದು ಚೀಟಿ. ರಾಯರು ಅದನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು. ಇದು ಇಲ್ಲಿಯ ಮಣ್ಣು, ಆ ಹುಡುಗಿಗೆ ಕೊಡಿ, ಎತ್ತು ಮಾಡಿಕೊಳ್ಳಲಿ ಎಂದು ಸಾಹೇಬ ಬರೆದಿದ್ದ. ಕೆಳಗೆ ಬೇರೆ ಕೈಯ ಬರಹ: ಕೆಮ್ಮು ಇಲ್ಲ, ನೀರು ಸಿಹಿಯಾಗಿದೆ ಎಂದು ಅಜ್ಜಿಗೆ ಹೇಳಿ. ಎತ್ತು ಎಂದು ಯಾಕೆ ಬರೆದನೋ, ಅಕ್ಷರ ತಪ್ಪಿರಬೇಕು ಎಂದು ರಾಯರು ಗೊಣಗಿದರು. ಆಯಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನಿಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಹೆಂಡತಿಗೆ ಹೇಳಲಿಲ್ಲ, ನನ್ನನ್ನು ನಗೆಗೀಡು ಮಾಡಲಿಲ್ಲ. ಅವಳಿಗೆ ಹೇಳಬೇಕಿತ್ತು ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಅವಳೇ ಆರಿಸಿದ ಊರನ್ನು ಅವಳ ಕೈಯಿಂದ ಕಸಿದುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ ಎಂದುಕೊಂಡಿದ್ದೇನೆ. ನಾನು ಅತ್ತುಬಿಟ್ಟೆ, ಅತ್ತು ಹಗುರಾದೆ.

ಅದೇ ವರ್ಷ ನನ್ನನ್ನು ಎರಡು ಕಡೆಯ ಗಂಡಿನವರು ಕೇಳಿಕೊಂಡು ಬಂದರು. ಒಂದು ನೇಸರಗಿಯ ಮನೆ, ಗಾಡಿ ಹೊಡೆದರೆ ಮಧ್ಯಾಹ್ನದ ಊಟಕ್ಕೆ ತವರು. ಇನ್ನೊಂದು ರಾಮದುರ್ಗ, ಎರಡು ದಿನದ ದಾರಿ. ಕಟ್ಟೆಯ ಮೇಲೆ ಮತ್ತೆ ತೂಕ ಶುರುವಾಯಿತು. ಅಪ್ಪ ನೇಸರಗಿಯ ಕಡೆ. ಹೊಲ, ಬಾವಿ, ಗಂಡಿನ ಓದು, ಎಲ್ಲ ತಕ್ಕಡಿಗೆ ಬಿದ್ದವು. ನಾನು ಒಳಗೆ ಜೋಳ ಹಸನು ಮಾಡುತ್ತಿದ್ದೆ. ಆಯಿ ಹೊಸ್ತಿಲಿನಿಂದ ಹೊರಳಿ, ಎಲ್ಲರಿಗೂ ಕೇಳುವ ಹಾಗೆ, ನನ್ನನ್ನು ಕೇಳಿದಳು. "ನೀಲವ್ವಾ, ಹೋಗಾಕಿ ನೀನು. ಎಲ್ಲಿ ಅಂತಿ?"

ನಮ್ಮ ಮನೆಯಲ್ಲಿ ಹಾಗೆ ಯಾರೂ ಯಾರನ್ನೂ ಕೇಳಿರಲಿಲ್ಲ. ನಾನು ಮೊರದಿಂದ ತಲೆಯೆತ್ತದೆ ರಾಮದುರ್ಗ ಎಂದೆ. ಅಷ್ಟು ದೂರ ಯಾಕೆ ಎಂದು ಅಪ್ಪನಿಗೆ ಆಶ್ಚರ್ಯ. ಚಿಗವ್ವ ಇದ್ದಾಳಲ್ಲ, ಅದಕ್ಕೇ ಇರಬೇಕು ಎಂದುಕೊಂಡರು. ನನ್ನ ಗಂಡ ಕೊನೆಯವರೆಗೂ ತನ್ನ ಓದು ನೋಡಿ ಒಪ್ಪಿದಳು ಎಂದೇ ತಿಳಿದಿದ್ದ. ಒಳ್ಳೆಯ ಮನುಷ್ಯ, ನಾನು ತಿದ್ದಲಿಲ್ಲ.

ಮದುಮಗಳನ್ನು ಕಳಿಸುವಾಗ ಮನೆಯ ಹಿರಿಯಳೊಬ್ಬಳು ಜೊತೆಗೆ ಹೋಗುವುದು ವಾಡಿಕೆ. ಆಯಿಯೇ ಬರಬೇಕು ಎಂದು ಹಟ ಹಿಡಿದೆ. ಅರ್ಧ ಮಣ್ಣಿನಲ್ಲಿ ಆ ವರ್ಷದ ಎತ್ತು ಮಾಡಿ ಬಾವಿಗೆ ಬಿಟ್ಟಿದ್ದೆವು. ಉಳಿದರ್ಧದ ಮೇಲೆ ಗೋದಲಿಯ ಬದಿಯ ಒಂದು ಹಿಡಿ ಮಣ್ಣು ಸುರುವಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನಾನು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಆಯಿ ಹರಟುತ್ತಲೇ ಇದ್ದಳು. ಸಂಜೆ ಇಳಿಯುವ ಹೊತ್ತಿಗೆ ಮುಂದೆ ಗುಡ್ಡದ ಸಾಲು ಕಂಡಿತು. ಆಯಿ ಹರಟೆ ಬಿಟ್ಟು, ಇದು ಯಾವ ಊರು ಎಂದು ಗಾಡಿಯವನನ್ನು ಕೇಳಿದಳು. ಸವದತ್ತಿ ಎಂದ ಅವನು. ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೋಗುವ ದಾರಿ ಯಾವ ಊರಿನ ಮೇಲೆ ಹಾಯುತ್ತದೆ ಎಂಬುದು ಮೊರ ಹಿಡಿದು ಕೂತ ನನಗೆ ಗೊತ್ತಿತ್ತು, ಅವಳಿಗೆ ಆಗ ಗೊತ್ತಾಯಿತು. ಆಯಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಗಾಡಿಯವನಿಗೆ ಹೇಳಿದಳು:

"ನಿಂದರಸಪಾ. ನಾ ಇಲ್ಲೇ ಇಳಿಯಾಕಿದ್ದೆ."